ಯೀಸ್ಟಿನ ಎಂಟು ಅಕ್ಷರ

"ದೀಪ ಹಾಕಿ, ಅಳಿಯಂದಿರೇ."

ಗುಂಡಿ ಒತ್ತಿದೆ. ಮೇಜಿನ ಗಾಜಿನಡಿಯ ಟ್ಯೂಬ್‌ಲೈಟುಗಳು ಎರಡು ಸಲ ಮಿಟುಕಿ ಹೊತ್ತಿಕೊಂಡವು. ನನ್ನ ಅತ್ತೆ ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಗಾಜಿನ ಮೇಲೆ ಹಾಸಿದ್ದ ಫಿಲ್ಮಿನ ಮೇಲೆ ಬಾಗಿದರು. ಬೆಳಗಿನ ಹತ್ತು ಗಂಟೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಈ ನೆಲಮಾಳಿಗೆಯ ಲ್ಯಾಬಿಗೆ ಮಾತ್ರ ಬಿಸಿಲೂ ಒಂದೇ, ಮೋಡವೂ ಒಂದೇ.

ಲ್ಯಾಬಿನ ಮುಖ್ಯಸ್ಥರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಇದೇ ಲ್ಯಾಬಿನ ಉಗ್ರಾಣದಲ್ಲಿ ಏಣಿಯಿಂದ ಬಿದ್ದು ಇಂದಿಗೆ ಒಂಬತ್ತು ದಿನ. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ತಾವಾಗಿ ಬಿದ್ದರೋ, ಯಾರಾದರೂ ಬೀಳಿಸಿದರೋ ಎಂಬುದು ಇನ್‌ಸ್ಪೆಕ್ಟರ್ ಎನಿಸಿಕೊಂಡ ನನಗೆ ಮೊದಲ ದಿನ ಎಷ್ಟು ಗೊತ್ತಿತ್ತೋ ಇವತ್ತೂ ಅಷ್ಟೇ ಗೊತ್ತಿತ್ತು.

ಒಂಬತ್ತು ದಿನ ವ್ಯರ್ಥವಾದದ್ದರಲ್ಲಿ ನಮ್ಮ ಠಾಣೆಯ ಪಾಲೂ ಇದೆ. ಮೇಷ್ಟ್ರು ಬಿದ್ದಿದ್ದ ಕಡೆ ಮೂರು ಫಿಲ್ಮುಗಳು ಚೆಲ್ಲಿದ್ದವು. ನಮ್ಮ ಹೆಡ್ ಕಾನ್‌ಸ್ಟೇಬಲ್ ಅವನ್ನು ಜೋಪಾನವಾಗಿ ಸುತ್ತಿ, ಮೇಲೆ 'ರೋಗಿಯ ಎಕ್ಸ್-ರೇ' ಎಂದು ಬರೆದು, ಆಂಬುಲೆನ್ಸಿನಲ್ಲಿ ಕಳಿಸಿಬಿಟ್ಟಿದ್ದ. ಮೂಳೆ ಡಾಕ್ಟರು ವಾರಪೂರ್ತಿ ಅವನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ನಿನ್ನೆ ಫೋನ್ ಮಾಡಿ ಕೇಳಿದರು: "ಇನ್‌ಸ್ಪೆಕ್ಟ್ರೇ, ಇದು ಯಾವ ಮೂಳೆ?"

ಮೂಳೆಯಲ್ಲ. ಯೀಸ್ಟು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಅದೇ ಯೀಸ್ಟು.

ಅದರ ಒಂದು ವರ್ಣತಂತುವನ್ನು ಎಷ್ಟೋ ಲ್ಯಾಬುಗಳು ತುಂಡು ತುಂಡಾಗಿ ಹಂಚಿಕೊಂಡು ಓದುತ್ತಿದ್ದವು. ಮೇಷ್ಟ್ರ ಪಾಲಿಗೆ ಬಂದದ್ದು ಮೂವತ್ತೆರಡು ಸಾವಿರ ಡಿಎನ್‌ಎ ಅಕ್ಷರಗಳ ಒಂದು ತುಂಡು. ಅಕ್ಷರ ಎಂದರೂ ಇರುವುದು ನಾಲ್ಕೇ: ಎ, ಸಿ, ಜಿ, ಟಿ. ಫಿಲ್ಮಿನ ಮೇಲೆ ಅಕ್ಷರಕ್ಕೊಂದರಂತೆ ನಾಲ್ಕು ಸಾಲು, ಸಾಲಿನಲ್ಲಿ ಏಣಿಯ ಮೆಟ್ಟಿಲಿನಂತೆ ಕಪ್ಪು ಗೀರುಗಳು. ಕೆಳಗಿನಿಂದ ಮೇಲಕ್ಕೆ, ಯಾವ ಸಾಲಿನಲ್ಲಿ ಗೀರು ಬಂತೋ ಆ ಅಕ್ಷರ. ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು.

ಓದುತ್ತಿದ್ದವರು ಹನ್ನೊಂದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಒಬ್ಬ ಹೆಂಗಸು. ಲ್ಯಾಬಿಗೆಲ್ಲ ಅವರು ಓದುವಕ್ಕ. ಬರೆಯುತ್ತಿದ್ದವನು ಮೇಷ್ಟ್ರ ಸ್ವಂತ ಅಕ್ಕನ ಮಗ. ನಾಲ್ಕು ವರ್ಷ ಆಕೆ ಹೇಳಿದ್ದು, ಇವನು ಬರೆದದ್ದು.

ಈಗ ಓದುವಕ್ಕನ ಕೆಲಸ ಹೋಗುವುದರಲ್ಲಿತ್ತು. ನಾಡಿದ್ದು ಸೋಮವಾರ ವಿಚಾರಣಾ ಸಮಿತಿ. ಮೇಷ್ಟ್ರ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಕೂತಿದ್ದ ಉಸ್ತುವಾರಿಯವರು ಆಗಲೇ ಆಕೆಯನ್ನು ಮನೆಗೆ ಕಳಿಸಿದ್ದರು.

"ಆಕೆ ಮಾಡಿದ ತಪ್ಪೇನು, ಇನ್ನೊಂದು ಸಲ ಹೇಳಿ," ಎಂದರು ಅತ್ತೆ, ಗಾಜಿನಿಂದ ಕಣ್ಣೆತ್ತದೆ.

"ಪಕ್ಕದ ತುಂಡು ಓದ್ತಿರೋದು ಬೇರೆ ಲ್ಯಾಬು. ಎರಡು ತುಂಡು ಸೇರೋ ಕಡೆ ಸಾವಿರದಿನ್ನೂರು ಅಕ್ಷರ ಇಬ್ಬರಿಗೂ ಸೇರಿದ್ದು. ಇಬ್ಬರೂ ಬೇರೆ ಬೇರೆ ಓದಿ ತಾಳೆ ನೋಡಬೇಕು."

"ಹೊಲಿಗೆಗೆ ಅಂಚು ಬಿಡ್ತೀವಲ್ಲ, ಹಾಗೆ."

"ಹಾಗೇ. ಪಕ್ಕದವರು ಮೊದಲು ಕಳಿಸಿದ್ರು. ನಮ್ಮವರದೂ ತಾಳೆಯಾಯ್ತು, ಒಂದಕ್ಷರ ಆಚೀಚೆ ಇಲ್ಲ. ಮೇಷ್ಟ್ರು ಬಿದ್ದ ಗುರುವಾರ ಬೆಳಿಗ್ಗೆ ಪಕ್ಕದವರಿಂದ ಇನ್ನೊಂದು ಫ್ಯಾಕ್ಸ್ ಬಂತು. ಎಲ್ಲಾನೂ ಮತ್ತೆ ಓದಿ ನೋಡಿದ್ವಿ, ಆರುನೂರ ಹನ್ನೊಂದನೇ ಅಕ್ಷರ ನಾವು ತಪ್ಪು ಬರೆದಿದ್ವಿ, ಈಗ ತಿದ್ದಿದೀವಿ, ಅಂತ."

"ಅವರು ಮಾಡಿದ ಅದೇ ತಪ್ಪು ಇವರಲ್ಲೂ ಇತ್ತು."

"ಇತ್ತು. ಪರೀಕ್ಷೆಯಲ್ಲಿ ಪಕ್ಕದವನ ತಪ್ಪನ್ನೂ ಕಾಪಿ ಹೊಡೆದಂಗೆ. ಆಕೆ ಫಿಲ್ಮ್ ಓದೇ ಇಲ್ಲ, ಪಕ್ಕದವರ ಕಾಗದ ನೋಡ್ಕೊಂಡು ಹೇಳಿದಾರೆ ಅನ್ನೋದು ಉಸ್ತುವಾರಿಯವರ ವಾದ."

ಅತ್ತೆ "ಹೂಂ" ಎಂದರು. ಅವರ ಹೂಂ ಎಂದರೆ ಹೌದು ಎಂದಲ್ಲ ಎಂಬುದು ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾನು ಕಲಿತ ಪಾಠ.

ಅವರ ವಿಷಯ ಹೇಳಬೇಕು. ಮೂವತ್ತನಾಲ್ಕು ವರ್ಷ ಅವರು ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿದ್ದರು. ಇಲಾಖೆಯವರು ಪ್ರೀತಿಯಿಂದ ಇಟ್ಟ ಹೆಸರು ಅಚ್ಚಮ್ಮ. ನಮ್ಮ ಮದುವೆಯ ಮಾತುಕತೆಯ ದಿನ ನನ್ನಪ್ಪ ಅದನ್ನು ಕೇಳಿ, "ಬೀಗಿತ್ತಿ ನಿಮಿಷಕ್ಕೆ ಎಷ್ಟು ಪದ ಟೈಪ್ ಹೊಡೀತಾರೆ?" ಎಂದು ವಿಚಾರಿಸಿದ್ದರು. ಬೆರಳಚ್ಚು ಎಂದರೆ ಟೈಪಿಂಗೂ ಹೌದಲ್ಲ! ಅತ್ತೆ ನಗಲಿಲ್ಲ. ಅಪ್ಪ ಕುಡಿದಿಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನಿಮ್ಮ ತೋರುಬೆರಳಿಗೆ ಚಿಕ್ಕಂದಿನಲ್ಲಿ ಸುಟ್ಟಿತ್ತಲ್ವಾ?" ಎಂದು ಕೇಳಿದರು. ಅಪ್ಪ ಆಮೇಲೆ ಅವರೆದುರು ಲೋಟ ಮುಟ್ಟಿದ್ದು ಕಡಿಮೆ.

ಈಗ ಅವರು ಭೂತಗನ್ನಡಿ ಕೆಳಗಿಟ್ಟು, ಸೋದರಳಿಯ ಬರೆದ ದಪ್ಪ ಪುಸ್ತಕವನ್ನು ಎಳೆದುಕೊಂಡರು. ಆ ಸಾವಿರದಿನ್ನೂರು ಅಕ್ಷರ ಮೂರು ಪುಟದಲ್ಲಿತ್ತು. ಹತ್ತು ಹತ್ತರ ಗುಂಪು, ನೀಲಿ ಶಾಯಿ, ಮುತ್ತು ಪೋಣಿಸಿದಂಥ ಬರಹ.

ಅತ್ತೆ ಓದಲಿಲ್ಲ. ಕಣ್ಣು ಮುಚ್ಚಿಕೊಂಡು, ಬಲಗೈಯ ಉಂಗುರ ಬೆರಳನ್ನು ಮೊದಲ ಸಾಲಿನ ಮೇಲೆ ನಿಧಾನವಾಗಿ ಎಳೆದರು.

"ಏನ್ ಮಾಡ್ತಿದೀರಿ ಅತ್ತೆ?"

"ಮಾತಾಡಬೇಡಿ."

ಐದನೇ ಸಾಲಿನಲ್ಲಿ ಬೆರಳು ನಿಂತಿತು. "ಇಲ್ಲೊಂದು ಚುಕ್ಕಿ ಇಡಿ." ಪೆನ್ಸಿಲಿನಲ್ಲಿ ಇಟ್ಟೆ. ಬೆರಳು ಮತ್ತೆ ಹೊರಟಿತು. ಸುಮಾರು ಅರ್ಧ ಗಂಟೆ ಹಿಡಿಯಿತು. ಮೂರು ಪುಟ ಮುಗಿದಾಗ ಎಂಟು ಚುಕ್ಕಿಗಳಿದ್ದವು.

"ಬ್ಲೇಡಿನಿಂದ ಕೆರೆದು ಮತ್ತೆ ಬರೆದಿದಾರೆ. ಕಣ್ಣಿಗೆ ಕಾಣೋದಿಲ್ಲ, ಕೈ ಅಷ್ಟು ನಾಜೂಕು. ಆದರೆ ಕಾಗದದ ನುಣುಪು ಹೋಗಿರುತ್ತಲ್ಲ, ಅದು ಎಲ್ಲಿ ಹೋಗುತ್ತೆ? ಈಗ ಈ ಎಂಟು ಜಾಗ ಫಿಲ್ಮಿನಲ್ಲಿ ಏನಿದೆ ನೋಡೋಣ."

ಫಿಲ್ಮಿನ ಅಂಚಿನಲ್ಲಿ ಓದುವಕ್ಕ ಐವತ್ತು ಅಕ್ಷರಕ್ಕೊಂದು ಗುರುತು ಹಾಕಿಟ್ಟಿದ್ದರಿಂದ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಪುಸ್ತಕದಲ್ಲಿ ಎ ಇದ್ದ ಕಡೆ ಫಿಲ್ಮಿನಲ್ಲಿ ಜಿ. ಪುಸ್ತಕದಲ್ಲಿ ಸಿ ಇದ್ದ ಕಡೆ ಟಿ. ಹೀಗೇ ಎಂಟಕ್ಕೆ ಎಂಟೂ ಬೇರೆ. ಉಳಿದ ಕಡೆ, ನಾವು ಪರೀಕ್ಷಿಸಿದಷ್ಟೂ, ಗೀರಿಗೆ ಗೀರು, ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಎಂಟರಲ್ಲಿ ಒಂದು ಅದೇ ಆರುನೂರ ಹನ್ನೊಂದನೆಯದು. ಫಿಲ್ಮಿನಲ್ಲಿ ಇದ್ದದ್ದು ಪಕ್ಕದವರು ಈಗ ತಿದ್ದಿಕೊಂಡ ಸರಿಯಾದ ಅಕ್ಷರವೇ.

"ಅಂದರೆ ಓದುವಕ್ಕ ಸರಿಯಾಗೇ ಓದಿದ್ರು," ಎಂದೆ.

"ಸರಿಯಾಗೇ ಓದಿದ್ರು. ಇವರೂ ಮೊದಲು ಸರಿಯಾಗೇ ಬರೆದರು. ಆಮೇಲೆ ಕೆರೆದರು." ಅತ್ತೆ ಪುಸ್ತಕ ಮುಚ್ಚಿದರು. "ಸೋದರಳಿಯನ್ನ ಕರೀರಿ. ಬೆದರಿಸಬೇಡಿ. ಅತ್ತೆಗೆ ಫಿಲ್ಮ್ ಓದೋದು ಕಲಿಯೋ ಆಸೆ ಅಂತ ಹೇಳಿ ಕರೀರಿ."

*

ಮೂವತ್ತರ ಆಸುಪಾಸಿನ ಮನುಷ್ಯ. ನಿದ್ದೆಗೆಟ್ಟ ಕಣ್ಣು, ಇಸ್ತ್ರಿ ತಪ್ಪದ ಅಂಗಿ. ಮೇಷ್ಟ್ರು ಬಿದ್ದ ದಿನ ಸಂಜೆ ನಾಲ್ಕಕ್ಕೇ ಮನೆಗೆ ಹೊರಟೆ ಎಂದು ಮೊದಲೇ ಹೇಳಿಕೆ ಕೊಟ್ಟಿದ್ದ. ಅತ್ತೆ ಅವನನ್ನು ಅವನ ಮಾಮೂಲಿ ಸ್ಟೂಲಿನ ಮೇಲೇ ಕೂರಿಸಿದರು.

"ನಾನು ಓದ್ತೀನಿ, ನೀವು ಬರೀರಿ. ತಪ್ಪಾದರೆ ತಿದ್ದಬೇಕು ನೋಡಿ. ಮುದುಕಿ ಅಂತ ರಿಯಾಯಿತಿ ಬೇಡ."

"ಅಯ್ಯೋ, ಓದಿ ಅಮ್ಮ," ಎಂದು ನಕ್ಕ.

ಅತ್ತೆ ಶುರುಮಾಡಿದರು. "ಟಿ, ಟಿ, ಎ, ಜಿ... ಆಮೇಲೆ ಸಿ... ಎ, ಎ..." ಅವರ ಓದು ಎತ್ತಿನ ಗಾಡಿಯ ವೇಗದ್ದು. ನಡುನಡುವೆ ಕನ್ನಡಕ ತೆಗೆದು ಒರೆಸುವುದು, ಮತ್ತೆ ಹಾಕುವುದು. ಅವನ ಪೆನ್ನು ತಾಳ್ಮೆಯಿಂದ ಕಾಗದಕ್ಕೆ ತಾಗಿಕೊಂಡೇ ಕಾಯುತ್ತಿತ್ತು. ಒಂದು ಸಾಲಾಯಿತು, ಎರಡಾಯಿತು. ನನಗೆ ಆಕಳಿಕೆ ಬಂತು.

"ಜಿ, ಎ, ಎ, ಸಿ..." ಅತ್ತೆ ನಿಲ್ಲಿಸಿ, ಕೆಮ್ಮಿ, "ಟಿ," ಎಂದರು. ಅವನು ಬರೆದ.

ಹೀಗೇ ಕಾಲು ಗಂಟೆ. ಆಮೇಲೆ ಅತ್ತೆ ಭೂತಗನ್ನಡಿ ಕೆಳಗಿಟ್ಟರು.

"ಸಾಕಾಯ್ತಾ ಅಮ್ಮ?"

"ನನಗೆ ಬೇಕಾದ್ದು ಸಿಕ್ಕಿತು." ಅತ್ತೆಯ ದನಿ ಮೊದಲಿನಷ್ಟೇ ಮೆತ್ತಗಿತ್ತು. "ನಾನು ಎಷ್ಟೇ ತಡ ಮಾಡಿದರೂ ನಿಮ್ಮ ಪೆನ್ನು ಕಾಗದ ಬಿಟ್ಟು ಏಳಲಿಲ್ಲ. ಮೂರು ಕಡೆ ಮಾತ್ರ ಎದ್ದಿತು. ಮೂರೂ ಕಡೆ ನಾನಿನ್ನೂ ಅಕ್ಷರ ಹೇಳಿರಲೇ ಇಲ್ಲ. ಮುಂದೆ ಬರೋದು ಯಾವುದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅವನ ಕೈ ತಾನಾಗಿ ಹಾಳೆಯ ಮೇಲೆ ಹೋಗಿ ಬರೆದದ್ದನ್ನು ಮುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

"ಎಂಟರಲ್ಲಿ ಇನ್ನೂ ಐದು ಜಾಗ ಇವೆ," ಎಂದರು ಅತ್ತೆ. "ಓದಲಾ?"

"ಬೇಡ."

ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಪಕ್ಕದವರದು ದೊಡ್ಡ ಲ್ಯಾಬು," ಎಂದು ಕೊನೆಗೆ ಅವನು ಶುರುಮಾಡಿದ. "ಅವರ ಅಕ್ಷರ ಬಂದಾಗ ನಮ್ಮದರ ಜೊತೆ ಎಂಟು ಕಡೆ ಹೊಂದಲಿಲ್ಲ. ಅಕ್ಕನ ಹತ್ರ ಐದು ಸಲ ಓದಿಸಿದೆ. ಐದು ಸಲಾನೂ ಅದೇ ಹೇಳಿದ್ರು. ವಯಸ್ಸಾಯ್ತು, ಕಣ್ಣು ಮಂಜಾಗಿದೆ ಅಂದ್ಕೊಂಡೆ. ನಾನೇ ನೋಡಿದೆ. ನನಗೂ ಅದೇ ಕಾಣ್ತು."

"ಆಗಲಾದರೂ ನಂಬಬಹುದಿತ್ತು."

"ಕಂಪ್ಯೂಟರಿಗೆ ಹಾಕಿ ನೋಡಿದೆ ಅಮ್ಮ. ಮೂರು ಮೂರು ಅಕ್ಷರ ಸೇರಿ ಒಂದು ಪದ ಇದ್ದಂಗೆ. ಪಕ್ಕದವರಲ್ಲಿ ಸಿ-ಎ-ಎ ಇರೋ ಕಡೆ ನಮ್ಮಲ್ಲಿ ಟಿ-ಎ-ಎ. ಟಿ-ಎ-ಎ ಅಂದ್ರೆ ಪೂರ್ಣವಿರಾಮ. ಅವರಲ್ಲಿ ಒಂದು ಇಡೀ ಜೀನ್ ಸಲೀಸಾಗಿ ಕೊನೇವರೆಗೆ ಹೋಗ್ತಿತ್ತು. ನಮ್ಮಲ್ಲಿ ಅರ್ಧಕ್ಕೇ ನಿಂತುಬಿಡ್ತಿತ್ತು. ವಾಕ್ಯದ ನಡುವೆ ಯಾರಾದ್ರೂ ಪೂರ್ಣವಿರಾಮ ಇಡ್ತಾರಾ? ನಮ್ಮದೇ ತಪ್ಪು ಅಂತ ಖಾತ್ರಿ ಆಯ್ತು. ಮಾವ ಇಡೀ ನಾಲ್ಕು ವರ್ಷದ ಕೆಲಸ ಆ ತಿಂಗಳು ಕಳಿಸಬೇಕಿತ್ತು. ಕೆರೆದೆ."

"ಆಮೇಲೆ ಎಂಟರಲ್ಲಿ ಒಂದು ಪಕ್ಕದವರದೇ ತಪ್ಪು ಅಂತ ಅವರೇ ಬರೆದರು."

"ಹೌದು." ಅವನು ಮುಖ ಒರೆಸಿಕೊಂಡ. "ಆ ಫ್ಯಾಕ್ಸ್ ನೋಡಿದಾಗ ಕಾಲ ಕೆಳಗಿನ ನೆಲ ಕುಸಿದಂಗಾಯ್ತು."

"ಓದುವಕ್ಕನ ಮೇಲೆ ತಪ್ಪು ಹೊರಿಸಿದಾಗ?"

ಅವನು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

"ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಎದುರುಬದುರು ಕೂತಿದ್ದೋರು ನೀವು. ಆಕೆ ಐದು ಸಲ ನಿಜ ಹೇಳಿದಾರೆ. ನೀವು ಒಂದು ಸಲ ಹೇಳಲಿಲ್ಲ."

ಅತ್ತೆ ಇದನ್ನು ಗದರಿ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಮನೆಯಲ್ಲಿ ಮಗುವಿಗೆ ಹೇಳುವ ಹಾಗೆ ಹೇಳಿದರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಫಿಲ್ಮುಗಳನ್ನು ನೋಡುತ್ತ ನಿಂತೆ.

ಸ್ವಲ್ಪ ಸಮಾಧಾನವಾದ ಮೇಲೆ ನಾನೇ ಕೇಳಿದೆ. "ಆ ಗುರುವಾರ ನೀವು ನಾಲ್ಕಕ್ಕೆ ಹೊರಡಲಿಲ್ಲ."

"ಇಲ್ಲ ಸರ್. ಐದೂವರೆವರೆಗೂ ಇಲ್ಲೇ ಇದ್ದೆ. ಎಲ್ಲರೂ ಹೋಗಲಿ ಅಂತ ಕಾದು ಮಾವನಿಗೆ ಎಲ್ಲಾ ಹೇಳಿಕೊಂಡೆ. ಮಾವ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಸೀದಾ ಉಗ್ರಾಣಕ್ಕೆ ಹೋಗಿ, ಏಣಿ ಹಾಕ್ಕೊಂಡು, ಅಟ್ಟದಿಂದ ಈ ಮೂರು ಫಿಲ್ಮ್ ಇಳಿಸ್ಕೊಂಡು ಬಂದು ಓದಿದ್ರು. ಡಿಎನ್‌ಎಗೆ ಎರಡು ಎಳೆ ಇರುತ್ತಲ್ಲ, ಎದುರು ಎಳೆಯ ಫಿಲ್ಮೂ ಅದರಲ್ಲಿತ್ತು. ಅದರಲ್ಲೂ ಅದೇ ಎಂಟು."

"ಏನಂದರು?"

"'ದಡ್ಡ, ನಿಜ ನಿನ್ನ ಕೈಯಲ್ಲೇ ಇತ್ತಲ್ಲೋ' ಅಂದ್ರು. ಆಮೇಲೆ ಸುಮ್ಮನೆ ಕೂತು ಯೋಚನೆ ಮಾಡಿದ್ರು. 'ಆರುನೂರ ಹನ್ನೊಂದು ಅವರ ತಪ್ಪು, ಸರಿ. ಉಳಿದ ಏಳನ್ನ ಅವರು ಮತ್ತೆ ಓದಿ ನೋಡಿದಾರೆ, ಅವರದು ಸರಿ. ನಾವೂ ಎರಡೂ ಎಳೆ ಓದಿದೀವಿ, ನಮ್ಮದೂ ಸರಿ. ಇಬ್ಬರೂ ನಿಜ ಹೇಳ್ತಿದಾರೆ, ಆದರೂ ಮಾತು ಹೊಂದ್ತಿಲ್ಲ ಅಂದ್ರೆ ಏನರ್ಥ ಹೇಳು' ಅಂದ್ರು."

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಮಾತ್ರ ನೆಟ್ಟಗೆ ಕೂತರು.

"ಇಬ್ಬರೂ ನೋಡ್ತಿರೋದು ಒಂದೇ ವಸ್ತು ಅಲ್ಲ," ಎಂದರು.

ಅವನು ಬೆರಗಾಗಿ ಅತ್ತೆಯನ್ನು ನೋಡಿದ. "ಮಾವನೂ ಅದನ್ನೇ ಹೇಳಿದ್ರು! ಎಲ್ಲಾ ಲ್ಯಾಬಿಗೂ ಒಂದೇ ತಳಿಯ ಯೀಸ್ಟ್ ಹಂಚಿದ್ದು. ಆದರೆ ನಮ್ಮ ಟ್ಯೂಬಿನಲ್ಲಿ ಇರೋದು ಅದಲ್ಲ. ಬೇರೆ ಯಾವುದೋ ತಳಿ. ತಳಿ ಬೇರೆಯಾದರೆ ಸಾವಿರಕ್ಕೆ ಐದಾರು ಅಕ್ಷರ ಬದಲಾಗೋದು ಮಾಮೂಲು. 'ನಾಲ್ಕು ವರ್ಷ ನಾವು ಯಾರದೋ ಮನೆಯ ಪುಸ್ತಕ ಓದಿದೀವಿ ಕಣೋ' ಅಂದ್ರು. ಮೂರನೇ ಮಹಡಿಯ ಫ್ರೀಜರಿನಿಂದ ಮೂಲ ಟ್ಯೂಬ್ ತಗೊಂಡು ಬಾ ಅಂತ ನನ್ನ ಕಳಿಸಿದ್ರು."

"ಹೋದಿರಾ?"

"ಹೋದೆ. ಮಂಜುಗಡ್ಡೆ ಕಟ್ಟಿತ್ತು, ಹುಡುಕೋಕೆ ಹತ್ತು ನಿಮಿಷ ಆಯ್ತು. ಬಂದು ನೋಡಿದರೆ ಮಾವ ಉಗ್ರಾಣದ ನೆಲದ ಮೇಲೆ ಬಿದ್ದಿದ್ರು. ವಾಪಸ್ ಅಟ್ಟಕ್ಕೆ ಇಡೋಕೆ ಹೋಗಿದ್ರೇನೋ, ಫಿಲ್ಮು ಸುತ್ತ ಚೆಲ್ಲಿತ್ತು. ಏಣಿ ಗೋಡೆಗೆ ಒರಗಿಕೊಂಡೇ ಇತ್ತು, ಒಂದಿಂಚೂ ಜಾರಿರಲಿಲ್ಲ. ಕೂಗಿ ವಾಚ್‌ಮನ್‌ನ ಕರೆದೆ. ಆಮೇಲೆ, ನಾನಿಲ್ಲಿ ಯಾಕಿದ್ದೆ ಅಂತ ಹೇಳಿದ್ರೆ ಎಂಟಕ್ಷರದ ಕಥೆ ಹೊರಗೆ ಬರುತ್ತೆ ಅಂತ ಹೆದರಿ..." ಮುಂದಕ್ಕೆ ಹೇಳಲಿಲ್ಲ. ವಾಚ್‌ಮನ್ ಕೂಡ, "ನಾನು ಫೋನ್ ಮಾಡಿದ ಮೇಲೆ ಅವರ ಸೋದರಳಿಯ ಬಂದ" ಎಂದಷ್ಟೇ ನನಗೆ ಹೇಳಿದ್ದ. ಯಾರು ಹೇಳಿಕೊಟ್ಟ ಮಾತು ಎಂದು ಈಗ ಕೇಳಬೇಕಾಗಿರಲಿಲ್ಲ.

"ಟ್ಯೂಬ್ ಏನಾಯ್ತು?" ಎಂದರು ಅತ್ತೆ.

"ಮತ್ತೆ ಫ್ರೀಜರಿನಲ್ಲೇ ಇಟ್ಟೆ. ಬೇರೆ ಖಾನೆಯಲ್ಲಿ."

ನಾನು ಎದ್ದೆ. ಅತ್ತೆ ಅವನ ಭುಜದ ಮೇಲೆ ಕೈಯಿಟ್ಟು, "ಮೊದಲು ಸ್ವಂತ ಇಚ್ಛೆಯಿಂದ ಒಂದು ಕಾಗದ ಬರೆದು ಸಹಿ ಹಾಕಿ. ಆ ಎಂಟಕ್ಷರ ಕೆರೆದಿದ್ದು ನಾನು, ಆಕೆಯಲ್ಲ ಅಂತ. ಅದಾದ ಮೇಲೆ ಫ್ರೀಜರು," ಎಂದರು.

ಅವನು ಬರೆದ. ಎಲ್ಲೂ ತಡವರಿಸಲಿಲ್ಲ.

*

ಆ ಫ್ರೀಜರು ಮನೆಯ ಫ್ರಿಜ್ಜಿನಂತಲ್ಲ. ಮುಚ್ಚಳ ತೆಗೆದರೆ ಹೊಗೆ ಏಳುತ್ತದೆ, ಬರಿಗೈ ಹಾಕಿದರೆ ಚರ್ಮ ಅಂಟಿಕೊಳ್ಳುತ್ತದೆ. ಸೋದರಳಿಯ ದಪ್ಪ ಕೈಗವಸು ಹಾಕಿಕೊಂಡು, ಕಿರುಬೆರಳಿನಷ್ಟು ಉದ್ದದ ಟ್ಯೂಬೊಂದನ್ನು ಇಕ್ಕಳದಲ್ಲಿ ಎತ್ತಿ ಐಸಿನ ಡಬ್ಬಿಯಲ್ಲಿಟ್ಟ.

ಅದಕ್ಕೆ ಸುತ್ತಿದ್ದ ಬಿಳಿ ಟೇಪಿನ ಚೀಟಿಯ ಮೇಲೆ ನಾಲ್ಕಂಕಿಯ ನಂಬರು, ನಾಲ್ಕು ವರ್ಷ ಹಿಂದಿನ ತಾರೀಕು. ಚಳಿಗೆ ಮೂಲೆ ಎದ್ದಿತ್ತು. ಅತ್ತೆ ಭೂತಗನ್ನಡಿ ಹಿಡಿದು ಆ ಮೂಲೆಯನ್ನು ನೋಡಿದರು, ನನಗೂ ತೋರಿಸಿದರು. ಬಿಳಿ ಚೀಟಿಯ ಅಡಿಯಲ್ಲಿ ಹಳದಿಗಟ್ಟಿದ ಇನ್ನೊಂದು ಚೀಟಿಯ ಅಂಚು.

"ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕೋ ನೇರಳೆ ದ್ರಾವಣ ಇಟ್ಟಿದೀರಲ್ಲ, ಸ್ವಲ್ಪ ಕೊಡಿ," ಎಂದರು.

"ಅದು ಯಾಕೆ?"

"ಅಂಟಿನ ಕಡೆ ಮುಟ್ಟದೆ ಟೇಪು ಅಂಟಿಸೋಕೆ ಯಾರಿಗೂ ಆಗಲ್ಲ. ಮುಟ್ಟಿದ್ದನ್ನ ಅಂಟು ಬಿಡೋದೂ ಇಲ್ಲ."

ಮೇಲಿನ ಚೀಟಿಯನ್ನು ಎರಡು ಚಿಮುಟದಲ್ಲಿ ಹಿಡಿದು ಕೂದಲೆಳೆಯಷ್ಟೂ ಹರಿಯದಂತೆ ಬಿಡಿಸಿದರು. ಬಟ್ಟಲಿನ ನೇರಳೆಯಲ್ಲಿ ಅದ್ದಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದರು. ಬಣ್ಣವೆಲ್ಲ ಹರಿದುಹೋಗಿ, ಅಂಟಿನ ಮೇಲೆ ಒಂದು ಹೆಬ್ಬೆರಳು ಮಾತ್ರ ಉಳಿಯಿತು. ಸುಳಿ, ಸುಳಿಯ ಸುತ್ತ ಸಣ್ಣ ಸಣ್ಣ ಗೆರೆ, ಅಡ್ಡಕ್ಕೆ ಒಂದು ಗಾಯದ ಗುರುತು. ಇಷ್ಟು ಸ್ಪಷ್ಟ ಗುರುತು ಠಾಣೆಯಲ್ಲಿ ಮಸಿ ಬಳಿದು ಒತ್ತಿಸಿದರೂ ನಮಗೆ ಸಿಗುವುದಿಲ್ಲ.

ಕೆಳಗಿನ ಹಳದಿ ಚೀಟಿಯ ಮೇಲೆ ನಂಬರಿರಲಿಲ್ಲ, ತಾರೀಕಿರಲಿಲ್ಲ. ಪೆನ್ಸಿಲಿನಲ್ಲಿ ಒಂದೇ ಪದ: 'ಮನೆಯದು'.

"ಮನೆಯದು ಅಂದ್ರೆ?" ಎಂದೆ. ಸೋದರಳಿಯ ತಲೆಯಾಡಿಸಿದ. ಅವನಿಗೂ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಕೆಲಸ ಮಾಡುವ ಎಲ್ಲರ ಬೆರಳಿನ ಗುರುತನ್ನು ಅತ್ತೆ ಹೋದ ವಾರವೇ ತೆಗೆದಿಟ್ಟಿದ್ದರು. ಕೈಚೀಲದಿಂದ ಆ ಕಾರ್ಡುಗಳನ್ನು ತೆಗೆದು ಒಂದೊಂದೇ ಪಕ್ಕಕ್ಕಿಟ್ಟು ನೋಡುತ್ತ ಹೋದರು. ಮೂರನೆಯದರ ಮೇಲೆ ಭೂತಗನ್ನಡಿ ತುಂಬ ಹೊತ್ತು ನಿಂತಿತು. ಹೊಂದುವ ಗುರುತುಗಳನ್ನು ಎಣಿಸುವಾಗ ಅವರ ತುಟಿ ಅಲ್ಲಾಡುತ್ತದೆ. ಹದಿನಾಲ್ಕರವರೆಗೆ ಎಣಿಸಿದರು.

ಆಮೇಲೆ ಕನ್ನಡಕ ತೆಗೆದು ಮಡಿಸಿಟ್ಟರು.

"ಓದುವಕ್ಕನಿಗೆ ಫೋನ್ ಮಾಡಿ. ಬರಲಿ."

"ಈ ಒಳ್ಳೇ ಸುದ್ದಿ ನಾನೇ ಹೇಳ್ತೀನಿ," ಎಂದೆ ಉತ್ಸಾಹದಲ್ಲಿ.

ಅತ್ತೆ ಹೂಂ ಎಂದರು.

*

ಓದುವಕ್ಕ ಮುಕ್ಕಾಲು ಗಂಟೆಯಲ್ಲಿ ಬಂದರು. ಐವತ್ತೈದರ ಹತ್ತಿರದ, ಗಟ್ಟಿ ದನಿಯ ಹೆಂಗಸು. ಮನೆಯಲ್ಲಿ ಒಗೆಯುತ್ತಿದ್ದರೋ ಏನೋ, ಕೈ ಇನ್ನೂ ಒದ್ದೆಯಿಂದ ಮುದುರಿತ್ತು. ಅತ್ತೆ ಎದ್ದು ಕುರ್ಚಿ ಕೊಟ್ಟು, ಸೋದರಳಿಯ ಬರೆದುಕೊಟ್ಟ ಕಾಗದವನ್ನು ಮುಂದಿಟ್ಟರು.

ಆಕೆ ಓದಿದರು. ಎರಡು ಸಲ ಓದಿದರು.

"ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡಿದ್ದೆ ಅಮ್ಮಾ. ಹೋದ ವಾರ ಕಣ್ಣಿನ ಡಾಕ್ಟರ ಹತ್ರಾನೂ ಹೋಗಿದ್ದೆ. ಏನೂ ಆಗಿಲ್ಲ ಅಂದ್ರು, ಅವರ ಮೇಲೂ ಅನುಮಾನ ಬಂತು."

"ನಿಮ್ಮ ಒಂದೇ ಒಂದು ಅಕ್ಷರ ತಪ್ಪಿಲ್ಲ," ಎಂದರು ಅತ್ತೆ. "ಸೋಮವಾರ ಸಮಿತಿ ಮುಂದೆ ನಾನೇ ಬಂದು ಹೇಳ್ತೀನಿ."

ಆಕೆ ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದ ಸೋದರಳಿಯನ ಕಡೆ ತಿರುಗಿದರು. "ಊಟ ಸರಿಯಾಗಿ ಮಾಡ್ತಿದೀಯೇನೋ? ಎಷ್ಟು ಇಳಿದುಹೋಗಿದೀಯ," ಎಂದರು. ಅವನು ನಿಲ್ಲಲಾರದೆ ಹೊರಗೆ ಹೋದ.

ಬಾಗಿಲು ಮುಚ್ಚುವವರೆಗೆ ಅತ್ತೆ ಕಾದರು. ಆಮೇಲೆ ನೇರಳೆ ಬಣ್ಣದ ಟೇಪಿನ ತುಂಡನ್ನು ಗಾಜಿನ ಮೇಲಿಟ್ಟು, ದೀಪ ಹಾಕಿದರು.

"ಈ ಹೆಬ್ಬೆರಳು ನಿಮ್ಮದು."

ಓದುವಕ್ಕ ಬಾಗಿ ನೋಡಿದರು. ಫಿಲ್ಮ್ ನೋಡುವ ಹಾಗೆಯೇ, ಕೆಳಗಿನಿಂದ ಮೇಲಕ್ಕೆ.

"ನಂದೇ. ಆ ಗಾಯ ಫಿಲ್ಮ್ ಕತ್ತರಿಸುವಾಗ ಆಗಿದ್ದು. ಮೂಲ ಟ್ಯೂಬಿನ ಚೀಟಿ ಅಲ್ವಾ ಇದು?"

"ಅದೇ. ಆ ಟ್ಯೂಬಿನೊಳಗೆ ಇರೋ ಯೀಸ್ಟು ಎಲ್ಲರಿಗೂ ಹಂಚಿದ್ದಲ್ಲ. ಬೇರೆ. ನಿಮಗೆ ಗೊತ್ತಿತ್ತಾ?"

"ಬೇರೆನಾ?" ಆಕೆಯ ಬಾಯಿ ಅರೆ ತೆರೆದೇ ಉಳಿಯಿತು. "ಇಲ್ಲಮ್ಮಾ. ದೇವರಾಣೆ ಗೊತ್ತಿರಲಿಲ್ಲ. ಹಳೇ ಚೀಟಿ ಹಾಳಾಗಿದೆ, ಮೇಲೊಂದು ಹೊಸದು ಅಂಟಿಸು ಅಂದ್ರು. ನಂಬರು ಹೇಳಿದ್ರು. ಬರೆದೆ, ಅಂಟಿಸಿದೆ. ಅಷ್ಟೇ."

"ಮೇಷ್ಟ್ರು ಹೇಳಿದ್ರಾ?"

"ಮೇಷ್ಟ್ರಿಗೆ ಫ್ರೀಜರಿನ ಗೊಡವೆ ಯಾವತ್ತೂ ಇರಲಿಲ್ಲ." ಆಕೆ ಅಲ್ಲಿಗೇ ನಿಲ್ಲಿಸಿದರು. ಮುಂದಿನ ಮಾತನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

ಅತ್ತೆ ಒತ್ತಾಯ ಮಾಡಲಿಲ್ಲ. ಹಳದಿ ಚೀಟಿ ಅಂಟಿಕೊಂಡೇ ಇದ್ದ ಟ್ಯೂಬನ್ನು ಐಸಿನ ಡಬ್ಬಿಯಿಂದ ಎತ್ತಿ ಹಿಡಿದರು. ಪೆನ್ಸಿಲಿನ ಆ ಒಂದು ಪದ ದೀಪದ ಬೆಳಕಿಗೆ ಬಂತು.

ಓದುವಕ್ಕ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು.

"ಹೇಳಿದ್ದು ಅಮ್ಮಾವ್ರು," ಎಂದರು. "ಮೇಷ್ಟ್ರ ಹೆಂಡತಿ. ಮೂರು ವರ್ಷದ ಹಿಂದಿನವರೆಗೂ ಅವರೂ ಇಲ್ಲೇ ಕೆಲಸ ಮಾಡ್ತಿದ್ರು. ಫ್ರೀಜರಿನ ಬೀಗದಕೈ ಅವರ ಹತ್ರಾನೇ ಇರ್ತಿತ್ತು. ಈ ಪೆನ್ಸಿಲ್ ಬರಹಾನೂ ಅವರದೇ. ಚೀಟಿ ವಿಷಯ ಇವರಿಗೆ ಹೇಳಬೇಡ ಅಂತ ಆವತ್ತು ನನ್ನ ಕೈ ಹಿಡ್ಕೊಂಡು ಮಾತು ತಗೊಂಡಿದ್ರು. ಯಾಕೆ ಅಂತ ನಾನೂ ಕೇಳಲಿಲ್ಲ."

'ಮನೆಯದು' ಎಂದರೆ ಮೇಷ್ಟ್ರ ಮನೆಯ ಯೀಸ್ಟು ಎಂಬುದು ನನಗೂ ಈಗ ಹೊಳೆಯಿತು.

ಅತ್ತೆ ಟ್ಯೂಬನ್ನು ಮತ್ತೆ ಐಸಿನಲ್ಲಿಟ್ಟು ಮುಚ್ಚಳ ಹಾಕಿದರು. ಆಮೇಲೆ ನನ್ನತ್ತ ತಿರುಗಿ, ಅಡುಗೆಗೆ ಉಪ್ಪು ಹಾಕಿದೆಯಾ ಎಂದು ವಿಚಾರಿಸುವ ದನಿಯಲ್ಲಿ ಕೇಳಿದರು:

"ಅಳಿಯಂದಿರೇ, ಆ ಗುರುವಾರ ಸಂಜೆ ಐದರಿಂದ ಆರರವರೆಗೆ ಆಕೆ ಎಲ್ಲಿದ್ದರು?"

ಜೇಬಿನಿಂದ ಡೈರಿ ತೆಗೆದೆ. ಸೋದರಳಿಯ, ಓದುವಕ್ಕ, ವಾಚ್‌ಮನ್, ಉಸ್ತುವಾರಿಯವರು, ಲ್ಯಾಬು ಗುಡಿಸುವವನು. ಆ ಒಂದು ಗಂಟೆ ಯಾರು ಎಲ್ಲಿದ್ದರೆಂದು ಒಬ್ಬೊಬ್ಬರನ್ನೂ ಎರಡೆರಡು ಸಲ ಕೇಳಿ, ನಿಮಿಷ ಸಮೇತ ಬರೆದುಕೊಂಡಿದ್ದೆ. ಹಾಳೆ ತಿರುವಿದೆ, ಮತ್ತೆ ತಿರುವಿದೆ.

ಮೇಷ್ಟ್ರ ಹೆಂಡತಿಯನ್ನು ಒಂಬತ್ತು ದಿನದಲ್ಲಿ ನಾನು ಕೇಳಿದ್ದು ಒಂದೇ ಒಂದು ಪ್ರಶ್ನೆ.

"ಊಟ ಆಯ್ತಾ ಅಮ್ಮಾ?"